ಎಂಜಿನ್ ಜಪಾನಿನದು, ಬ್ರೇಕ್ ಅಜ್ಜನ ಕಾಲದ್ದು

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಬೇರೆಯವರ ತಪ್ಪು ಆಮೇಲೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಒಂದು ಗ್ಯಾರೇಜಿಗೆ ಹೋಗಿದ್ದೆ. ಗ್ಯಾರೇಜ್ ಅಂದರೆ ಶೀಟು ಹೊದಿಸಿದ ಶೆಡ್ಡು, ಮುಂದೆ ಒಂದು ಹೊಂಗೆ ಮರ. ಮರದ ಕೆಳಗೆ ಬಿಳಿ ಬಣ್ಣದ ಹಳೆಯ ಮಾರುತಿ 800 ನಿಂತಿತ್ತು. ಬಾನೆಟ್ ಎತ್ತಿದರೆ ಒಳಗೆ ಕಂಪನಿಯ ಎಂಜಿನ್ ಇಲ್ಲ. ಜಪಾನಿನಿಂದ ಬಂದ ಟರ್ಬೊ ಎಂಜಿನ್ ಕೂತಿದೆ! ಹತ್ತನೇ ಕ್ಲಾಸ್ ಮುಗಿಸಿ ಸ್ಪ್ಯಾನರ್ ಹಿಡಿದ ಹುಡುಗ ಬೆಂಗಳೂರಿನ ಗುಜರಿಯಿಂದ ಎಂಜಿನ್ ತಂದು, ಯೂಟ್ಯೂಬ್ ನೋಡಿ ವೈರಿಂಗ್ ಕಲಿತು, ಮೌಂಟಿಂಗ್ ತಾನೇ ವೆಲ್ಡ್ ಮಾಡಿ ಕೂರಿಸಿದ್ದ. ಕಾರು ಅವನದಲ್ಲ, ಪಕ್ಕದ ಊರಿನ ಒಬ್ಬ ಹುಡುಗನದು. ಒಂದೂವರೆ ಲಕ್ಷ ಖರ್ಚಾಯಿತು ಅಂದರು.

ನಾನು ವಿಡಿಯೊ ಮಾಡಿದೆ. ಪತ್ರಿಕೆಗೂ ಬರೆದು ಕಳಿಸಿದೆ. ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಬಂತು. 'ಹಳ್ಳಿ ಹೈದನ ಜಪಾನ್ ಮಾರುತಿ' ಅನ್ನುವ ಹೆಡ್ಡಿಂಗ್ ನಾನೇ ಕೊಟ್ಟದ್ದು. ವಿಡಿಯೊ ಚೆನ್ನಾಗಿ ಓಡಿತು. ಸ್ಟ್ರಿಂಗರ್ ಕೆಲಸದಲ್ಲಿ ಇಂಥ ದಿನ ಕಡಿಮೆ, ಹಾಗಾಗಿ ಖುಷಿಯಾಗಿದ್ದೆ. ಎಂಜಿನ್ ಎಷ್ಟು ಸಿಸಿ, ಎಷ್ಟು ಸ್ಪೀಡು, ಎಷ್ಟು ಖರ್ಚು ಎಲ್ಲ ಕೇಳಿದ್ದೆ. ಒಂದನ್ನು ಮಾತ್ರ ಕೇಳಿರಲಿಲ್ಲ. "ಬ್ರೇಕಿಗೆ ಏನು ಮಾಡಿದೀಯಪ್ಪ?"

ಕಳೆದ ಮಳೆಗಾಲದಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿತು.

ಬೆಳಿಗ್ಗೆ ಆರು ಗಂಟೆ. ಕೆರೆ ಏರಿ ಮೇಲಿನ ರಸ್ತೆ. ಡೇರಿಗೆ ಹಾಲು ಹಾಕಲು ಹೊರಟಿದ್ದ ಅರವತ್ತರ ಹತ್ತಿರದ ಯಜಮಾನರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಹ್ಯಾಂಡಲಿಗೆ ಹಾಲಿನ ಕ್ಯಾನ್ ನೇತುಹಾಕಿತ್ತು. ಏರಿಯ ಆ ತುದಿಯಲ್ಲಿ ಅದೇ ಬಿಳಿ ಕಾರು ಕಾಣಿಸಿತು. ಹುಡುಗ ಬ್ರೇಕ್ ಒತ್ತಿದ್ದಾನೆ, ಅದು ಸುಳ್ಳಲ್ಲ. ರಸ್ತೆ ಮೇಲೆ ಟೈರು ಉಜ್ಜಿದ ಕಪ್ಪು ಗೆರೆ ನಾನೇ ನೋಡಿದೆ. ಗೆರೆ ಸೈಕಲ್ ಬಿದ್ದ ಜಾಗವನ್ನೂ ದಾಟಿ ಮುಂದಕ್ಕೆ ಹೋಗಿತ್ತು.

ಯಜಮಾನರು ಬದುಕಿದರು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವರು ಹೇಳಿದ ಮಾತು ಇದು: "ಕಾರು ಬರೋದು ಕಂಡೆ ಕಣಪ್ಪ. ಕಣ್ಣು ಚೆನ್ನಾಗೇ ಕಾಣ್ತದೆ ನಂಗೆ. ಮಾರುತಿ ಅಲ್ವಾ, ಇನ್ನೂ ದೂರ ಐತೆ, ದಾಟ್ಬೋದು ಅಂದ್ಕೊಂಡೆ."

ಅವತ್ತು ನಾನು ಪತ್ರಿಕೆಗೆ ಮೂರು ಸಾಲಿನ ಸುದ್ದಿ ಕಳಿಸಿದೆ. 'ಕಾರು ಡಿಕ್ಕಿ: ವೃದ್ಧನಿಗೆ ಗಾಯ'. ಎಂಜಿನ್ ಬದಲಿಸಿದ್ದಕ್ಕೆ ಅರ್ಧ ಪುಟ ಬಂದಿತ್ತು, ಕಾಲು ಹೋದದ್ದಕ್ಕೆ ಮೂರು ಸಾಲು. ಅದಕ್ಕೇ ಈ ಬರಹ.

ರೂಪ ಹೇಳುವ ಸುಳ್ಳು

"ಮಾರುತಿ ಅಲ್ವಾ" ಅನ್ನುವ ಮಾತನ್ನು ಸ್ವಲ್ಪ ಯೋಚಿಸಿ ನೋಡಿ.

ಹಳ್ಳಿ ರಸ್ತೆಯಲ್ಲಿ ಸಿಗ್ನಲ್ ಇಲ್ಲ, ಜೀಬ್ರಾ ಪಟ್ಟಿ ಇಲ್ಲ, ಫುಟ್‌ಪಾತ್ ಇಲ್ಲ. ಇರುವುದು ಅಂದಾಜು ಮಾತ್ರ. ಟ್ರಾಕ್ಟರ್ ಎಷ್ಟು ಹೊತ್ತಿಗೆ ಹತ್ತಿರ ಬರುತ್ತದೆ, ಬಸ್ಸು ತಿರುವಿನಲ್ಲಿ ಎಷ್ಟು ಜಾಗ ತಿನ್ನುತ್ತದೆ, ಬುಲೆಟ್ ಎಷ್ಟು ಜೋರು, ಮಾರುತಿ ಎಷ್ಟು ನಿಧಾನ ಎಲ್ಲ ನಮಗೆ ಗೊತ್ತು. ದನ ಹೊಡೆದುಕೊಂಡು ಹೋಗುವ ಹೆಂಗಸಿಗೆ ಗೊತ್ತು, ಸ್ಕೂಲಿಗೆ ನಡೆದು ಹೋಗುವ ಮಗುವಿಗೂ ಗೊತ್ತು. ನಲವತ್ತು ವರ್ಷದಿಂದ ಮಾರುತಿ 800 ನೋಡಿ ನೋಡಿ ಬಂದ ಅಂದಾಜು ಅದು.

ಆ ಕಾರಿನೊಳಗೆ ಯಾರಿಗೂ ಹೇಳದೆ ಬೇರೆ ಎಂಜಿನ್ ಇಟ್ಟರೆ ಏನಾಗುತ್ತದೆ? ರಸ್ತೆಯಲ್ಲಿರುವ ಎಲ್ಲರ ಲೆಕ್ಕವೂ ತಪ್ಪುತ್ತದೆ. ಓಡಿಸುವವನೊಬ್ಬನಿಗೆ ಗುಟ್ಟು ಗೊತ್ತು, ಎದುರಿಗಿರುವವರಿಗೆ ಗೊತ್ತಿಲ್ಲ. ಇಂಥ ಕಾರಿಗೆ ಹುಡುಗರು 'ಸ್ಲೀಪರ್' ಅಂತ ಹೆಸರಿಟ್ಟಿದ್ದಾರೆ. ಹೊರಗೆ ಮಲಗಿದ ಹಾಗೆ ಕಾಣಬೇಕು, ಒಳಗೆ ಬೆಂಕಿ ಇರಬೇಕು. ಎದುರಿಗಿರುವವನನ್ನು ಮೋಸ ಮಾಡುವುದರಲ್ಲೇ ಅದರ ಮಜಾ ಇದೆ. ರೇಸಿನಲ್ಲಿ ಇನ್ನೊಬ್ಬ ರೇಸರ್ ಮೋಸ ಹೋದರೆ ಅದು ಆಟ ಆಯಿತು. ಕೆರೆ ಏರಿ ಮೇಲೆ ಹಾಲಿನ ಕ್ಯಾನ್ ಹಿಡಿದವರು ಮೋಸ ಹೋದರೆ ಅದಕ್ಕೆ ಆಟ ಅನ್ನಲಾಗುತ್ತದೆಯೇ?

ಆ ಎಂಜಿನ್ ನಮ್ಮೂರಿಗೆ ಹೇಗೆ ಬಂತು?

ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಕೊನೆಯ ಕಾರು ಕಾರ್ಖಾನೆಯಿಂದ ಹೊರಬಂದದ್ದು 2014ರ ಜನವರಿಯಲ್ಲಿ. ಅದರ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ಕಾರ್ಬುರೇಟರ್ ಕಾಲದ ಕಾರಿನ ಶಕ್ತಿ 40 ಅಶ್ವಶಕ್ತಿಯ ಒಳಗೇ ಇತ್ತು. ಕಾರಿನ ತೂಕ ಸುಮಾರು 650 ಕಿಲೊ. ಆ ತೂಕ, ಆ ಶಕ್ತಿ, 12 ಇಂಚಿನ ಚಕ್ರ, ಆ ಬ್ರೇಕು ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಹೊಂದಿಕೆ ಸರಿ ಇದ್ದುದಕ್ಕೇ ನಮ್ಮ ಮೇಷ್ಟ್ರು, ಡಾಕ್ಟರು, ಅಡಿಕೆ ವ್ಯಾಪಾರಿಗಳು ಇಪ್ಪತ್ತು ಮೂವತ್ತು ವರ್ಷ ಅದನ್ನು ಓಡಿಸಿದರು.

ಅದಕ್ಕೆ ಕೂರಿಸುವ ಜಪಾನ್ ಎಂಜಿನ್‌ಗಳಲ್ಲಿ ಹೆಸರುವಾಸಿಯಾದದ್ದು ಸುಜುಕಿಯದೇ 657 ಸಿಸಿ ಟರ್ಬೊ. ಹುಡುಗರ ಬಾಯಲ್ಲಿ ಎಫ್6ಎ. ಸಿಸಿ ನಮ್ಮದಕ್ಕಿಂತ ಕಡಿಮೆ, ಶಕ್ತಿ ಮಾತ್ರ 64. ಟರ್ಬೊ ಗಾಳಿಯನ್ನು ಒತ್ತಿ ಒಳಗೆ ತುಂಬುವುದರಿಂದ ಚಿಕ್ಕ ಎಂಜಿನ್ ದೊಡ್ಡ ಎಂಜಿನ್ನಿನ ಕೆಲಸ ಮಾಡುತ್ತದೆ.

ಈ 64ರ ಹಿಂದೆ ಒಂದು ಕಥೆ ಇದೆ. ಜಪಾನಿನಲ್ಲಿ 'ಕೇ' ಅನ್ನುವ ಪುಟ್ಟ ಕಾರುಗಳ ವರ್ಗವೇ ಬೇರೆ ಇದೆ. 1987ರಲ್ಲಿ ಸುಜುಕಿ ತನ್ನ ಆಲ್ಟೊ ಕಾರಿಗೆ ಟರ್ಬೊ ಹಾಕಿ 'ಆಲ್ಟೊ ವರ್ಕ್ಸ್' ಅಂತ ಬಿಟ್ಟಿತು. ಶಕ್ತಿ 64. ಇಷ್ಟು ಚಿಕ್ಕ ಕಾರಿಗೆ ಇದಕ್ಕಿಂತ ಹೆಚ್ಚು ಬೇಡ ಅಂತ ಅಲ್ಲಿನ ಕಂಪನಿಗಳು ತಮ್ಮೊಳಗೇ ಮಾತಾಡಿಕೊಂಡು ಅಲ್ಲಿಗೇ ಗೆರೆ ಎಳೆದವು. ಟರ್ಬೊ ಮಾಡಲು ಬಲ್ಲವರೇ ಸಾಕು ಅಂದ ಗೆರೆ ಅದು. ನಮ್ಮಲ್ಲಿ 1986ರಿಂದ ಬಂದ ಮಾರುತಿ 800 ಅದೇ ಪೀಳಿಗೆಯ ಆಲ್ಟೊದ ರೂಪ. ಹುಡುಗರು ಇದನ್ನೇ ಹಿಡಿದುಕೊಂಡು "ಅಣ್ಣ, ಎರಡೂ ಅಣ್ಣ ತಮ್ಮ ಇದ್ದಂಗೆ, ಬೋಲ್ಟ್ ಹಾಕಿದ್ರೆ ಕೂತ್ಕೊಳ್ತದೆ" ಅನ್ನುತ್ತಾರೆ. ಕೂತುಕೊಳ್ಳುವುದೇನೋ ನಿಜ. ಜಪಾನಿನ ತಮ್ಮನನ್ನು ಕಂಪನಿಯೇ ಆ ಶಕ್ತಿಗೆ ತಕ್ಕಂತೆ ಲೆಕ್ಕ ಹಾಕಿ, ಪರೀಕ್ಷೆ ಮಾಡಿ ಹೊರಗೆ ಬಿಟ್ಟಿತ್ತು ಅನ್ನುವುದೂ ಅಷ್ಟೇ ನಿಜ. ನಮ್ಮ ಅಣ್ಣನಿಗೆ ಪರೀಕ್ಷೆ ಮಾಡಿದವರು ಯಾರು?

ಇನ್ನೊಂದು ವಿಷಯ. ಜಪಾನಿನ ಎಂಜಿನ್ ಇಷ್ಟು ಸುಲಭವಾಗಿ ಗುಜರಿಗೆ ಬರುವುದು ಯಾಕೆ? ಅಲ್ಲಿ 'ಶಾಕೆನ್' ಅನ್ನುವ ಕಡ್ಡಾಯ ಪರೀಕ್ಷೆ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಬ್ರೇಕು, ಹೊಗೆ, ಲೈಟು, ಚಕ್ರ ಎಲ್ಲ ನೋಡುತ್ತಾರೆ. ಹಳೆಯ ಕಾರನ್ನು ಪಾಸು ಮಾಡಿಸುವ ಖರ್ಚು ಹೆಚ್ಚಾದಾಗ ಜನ ಕಾರು ಬಿಟ್ಟುಬಿಡುತ್ತಾರೆ. ಅದರ ಮುಂಭಾಗ ಕತ್ತರಿಸಿ ಹಡಗು ಹತ್ತಿಸುತ್ತಾರೆ. ಅದೇ 'ಹಾಫ್ ಕಟ್'.

ಅಂದರೆ ಬಿಗಿಯಾದ ಪರೀಕ್ಷೆ ಇರುವ ದೇಶದಿಂದ ನಾವು ಎಂಜಿನ್ ತರಿಸಿಕೊಂಡೆವು. ಪರೀಕ್ಷೆಯನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು. ನಮ್ಮ ಖಾಸಗಿ ಕಾರಿಗೆ ಹೊಸದರಲ್ಲಿ ರಿಜಿಸ್ಟ್ರೇಷನ್ ಆದರೆ 15 ವರ್ಷ ಯಾರೂ ಬಾನೆಟ್ ಎತ್ತಿ ನೋಡಬೇಕಾಗಿಲ್ಲ. ಆಮೇಲೆ ಐದೈದು ವರ್ಷಕ್ಕೊಮ್ಮೆ.

ಎಂಜಿನ್ ಬದಲಾಯಿತು, ಉಳಿದದ್ದು?

ಇಲ್ಲಿ ಮೆಕ್ಯಾನಿಕ್ ಹುಡುಗರ ಜೊತೆ ನೇರವಾಗಿ ಮಾತಾಡುತ್ತೇನೆ. ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಒಂದೊಂದಾಗಿ ಲೆಕ್ಕ ಹಾಕೋಣ.

ಮೊದಲು ಬ್ರೇಕ್. ಓಡುವ ಕಾರಿನಲ್ಲಿ ತುಂಬಿಕೊಂಡಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದೇವೆ. 60ರಲ್ಲಿ ಹೋಗುವ ಕಾರಿಗಿಂತ 100ರಲ್ಲಿ ಹೋಗುವ ಅದೇ ಕಾರನ್ನು ನಿಲ್ಲಿಸಲು ಬ್ರೇಕ್ ಹೆಚ್ಚೂಕಡಿಮೆ ಎರಡೂಮುಕ್ಕಾಲು ಪಟ್ಟು ಕೆಲಸ ಮಾಡಬೇಕು. 120 ಆದರೆ ನಾಲ್ಕು ಪಟ್ಟು. ಆ ಶಕ್ತಿಯೆಲ್ಲ ಬಿಸಿಯಾಗಿ ಡಿಸ್ಕು, ಡ್ರಮ್ಮು, ಲೈನರಿಗೆ ಹೋಗುತ್ತದೆ. 800ರ ಮುಂದಿನ ಡಿಸ್ಕು ತಟ್ಟೆಯಷ್ಟು, ಹಿಂದೆ ಡ್ರಮ್ಮು. ಹಳೆಯ ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಬೂಸ್ಟರ್ ಕೂಡ ಇಲ್ಲ, ಕಾಲಿನ ಬಲವೇ ಗತಿ. ಒಂದೆರಡು ಸಲ ಜೋರಾಗಿ ಒತ್ತಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಮೂರನೇ ಸಲ ಪೆಡಲ್ ಕೆಳಗೆ ಹೋಗುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ.

ಬ್ರೇಕ್ ಒತ್ತುವ ಮೊದಲಿನ ಲೆಕ್ಕ ಇನ್ನೂ ಕೆಟ್ಟದ್ದು. ಅಡ್ಡ ಬಂದದ್ದನ್ನು ಕಂಡು ಕಾಲು ಪೆಡಲಿಗೆ ಹೋಗಲು ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. 60ರಲ್ಲಿ ಅಷ್ಟರೊಳಗೆ ಕಾರು 17 ಮೀಟರ್ ಹೋಗಿರುತ್ತದೆ. 100ರಲ್ಲಿ 28 ಮೀಟರ್. ಬ್ರೇಕ್ ಇನ್ನೂ ಕೆಲಸ ಶುರು ಮಾಡಿಲ್ಲ, ಹನ್ನೊಂದು ಮೀಟರ್ ಆಗಲೇ ಕಳೆದುಹೋಯಿತು. ಆ ಹನ್ನೊಂದು ಮೀಟರಿನಲ್ಲಿ ಒಂದು ಎತ್ತಿನ ಗಾಡಿ ಪೂರ್ತಿ ಹಿಡಿಸುತ್ತದೆ.

ಎರಡನೆಯದು ಪೆಟ್ರೋಲ್ ಪೈಪು. ಇದನ್ನು ಕಡೆಗಣಿಸುವವರೇ ಹೆಚ್ಚು. ಕಾರ್ಬುರೇಟರ್ ಕಾರಿನಲ್ಲಿ ಪೆಟ್ರೋಲ್ ಬಹಳ ಕಡಿಮೆ ಒತ್ತಡದಲ್ಲಿ ಬರುತ್ತದೆ. ಇಂಜೆಕ್ಷನ್ ಎಂಜಿನ್ನಿಗೆ ಅದಕ್ಕಿಂತ ಹಲವು ಪಟ್ಟು ಒತ್ತಡ ಬೇಕು. ಅದಕ್ಕೆ ಬೇರೆ ಪಂಪು, ಬೇರೆ ಪೈಪು, ಬೇರೆ ಕ್ಲಿಪ್ಪು ಬೇಕು. ಹಳೆಯ ರಬ್ಬರ್ ಪೈಪಿಗೇ ಕ್ಲಿಪ್ ಬಿಗಿದು ಬಿಟ್ಟರೆ, ಅದು ಬಿಚ್ಚಿಕೊಂಡ ದಿನ ಪೆಟ್ರೋಲ್ ಚಿಮ್ಮುವುದು ಕೆಂಪಗೆ ಕಾದ ಟರ್ಬೊ ಮೇಲೆ. ಮುಂದಿನದು ಹೇಳಬೇಕಾಗಿಲ್ಲ.

ಮೂರನೆಯದು ಬಾಡಿ. ಇಪ್ಪತ್ತೈದು ಮೂವತ್ತು ಮಳೆಗಾಲ ಕಂಡ ತಗಡು. ಮ್ಯಾಟ್ ಎತ್ತಿ ನೋಡಿ, ಫ್ಲೋರ್ ತುಕ್ಕು ಹಿಡಿದಿರುತ್ತದೆ. ಟಿಂಕರಿಂಗ್ ಮಾಡಿ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಕಣ್ಣಿಗೆ ಗಟ್ಟಿ ಕಾಣುತ್ತದೆ. ಎಂಜಿನ್ ಎಳೆಯುವ ಬಲವನ್ನು ತಡೆಯಬೇಕಾದದ್ದು ಪುಟ್ಟಿ ಅಲ್ಲ, ಒಳಗಿನ ತಗಡು. ಸಸ್ಪೆನ್ಷನ್ ಕೂರುವ ಜಾಗ, ಎಂಜಿನ್ ಮೌಂಟಿಂಗ್ ಬೆಸುಗೆ ಹಾಕಿದ ಜಾಗ ಬಿರುಕು ಬಿಟ್ಟರೆ ಸ್ಟೇರಿಂಗ್ ಒಂದು ಕಡೆ, ಚಕ್ರ ಒಂದು ಕಡೆ.

ನಾಲ್ಕನೆಯದು ಒಳಗೆ ಕೂತವರು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಆಗ ಮಾರಾಟಕ್ಕಿದ್ದ ಐದು ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್. ಆಗಿನ ಹೊಸ ಕಾರುಗಳ ಕಥೆಯೇ ಅದಾದರೆ, ಅವುಗಳಿಗಿಂತ ಹಿಂದಿನ ತುಕ್ಕು ಹಿಡಿದ ಕಾರು 100ರಲ್ಲಿ ಗುದ್ದಿದರೆ ಏನಾಗುತ್ತದೆ ಅನ್ನುವುದಕ್ಕೆ ಪರೀಕ್ಷೆ ಬೇಕಾಗಿಲ್ಲ.

ನಮ್ಮ ತಾಲ್ಲೂಕಿನ ಆ ಕಾರಿನಲ್ಲಿ ಎಂಜಿನ್, ರೇಡಿಯೇಟರ್, ಸೈಲೆನ್ಸರ್ ಬದಲಾಗಿತ್ತು. ಹೊಸ ಮ್ಯೂಸಿಕ್ ಸಿಸ್ಟಮ್ ಬಂದಿತ್ತು. ಬ್ರೇಕ್ ಹಳೆಯದೇ. ಆ ಮೆಕ್ಯಾನಿಕ್ ಹುಡುಗನನ್ನು ಮೊನ್ನೆ ಕೇಳಿದೆ. ತಲೆ ತಗ್ಗಿಸಿಕೊಂಡು ಹೇಳಿದ: "ಹೇಳ್ದೆ ಸಾರ್. ಬ್ರೇಕ್ ಮಾಡ್ಸು, ಇನ್ನೊಂದಿಷ್ಟು ಆಯ್ತದೆ ಅಂತ. ದುಡ್ಡು ಮುಗೀತು, ಆಮೇಲೆ ನೋಡಣ ಅಂದ. ನಾನೂ ಸುಮ್ನಾದೆ."

ಬ್ರೇಕ್ ಮಾಡಿಸುವ ದುಡ್ಡಿಲ್ಲದವನಿಗೆ ಎಂಜಿನ್ ಹಾಕಿಸುವ ದುಡ್ಡೂ ಇಲ್ಲ ಅಂತಲೇ ಲೆಕ್ಕ. ಗ್ಯಾರೇಜಿನವರು ಅಲ್ಲೇ ನಿಲ್ಲಿಸಬೇಕಿತ್ತು.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಸ್ಪಷ್ಟವಾಗಿದೆ. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಎಂಜಿನ್ ಕೆಟ್ಟುಹೋದರೆ ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಹಾಕಿಸಬಹುದು. ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಬೇಕು. ಇದು ಅನೇಕರಿಗೆ ಗೊತ್ತೇ ಇಲ್ಲ.

ಗೊತ್ತಿದ್ದವರು ಇನ್ನೊಂದು ದಾರಿ ಹಿಡಿಯುತ್ತಾರೆ. ಹೊಸ ಎಂಜಿನ್ನಿನ ನಂಬರ್ ಉಜ್ಜಿ ಹಳೆಯ ನಂಬರ್ ಪಂಚ್ ಮಾಡಿಸುವುದು. ಗೆಳೆಯರೇ, ಅಲ್ಲಿಗೆ ಅದು ಹುಡುಗಾಟ ಮುಗಿದು ಫೋರ್ಜರಿ ಆಗುತ್ತದೆ. ಕದ್ದ ಗಾಡಿ ಮಾರುವವರು ಮಾಡುವ ಕೆಲಸವೂ ಇದೇ. ಪೊಲೀಸರಿಗೆ ಆ ಎರಡರ ನಡುವೆ ವ್ಯತ್ಯಾಸ ಕಾಣಬೇಕಾದ ಕಾರಣ ಇಲ್ಲ.

ಇನ್ನು ಇನ್ಶೂರೆನ್ಸ್. ಅಪಘಾತ ಆದಾಗ ಸರ್ವೇಯರ್ ಬಂದು ಬಾನೆಟ್ ಎತ್ತುತ್ತಾರೆ. ಆರ್‌ಸಿಯಲ್ಲಿ 796 ಸಿಸಿ, ಒಳಗೆ ಟರ್ಬೊ. ನಿಮ್ಮ ಕಾರಿನ ರಿಪೇರಿಗೆ ಕ್ಲೇಮು ಕೇಳಿದರೆ ಇದೊಂದೇ ಕಾರಣ ಸಾಕು ತಿರಸ್ಕರಿಸಲು. ನಮ್ಮ ಯಜಮಾನರ ಕೇಸು ಈಗ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿದೆ. ವಿಮಾ ಕಂಪನಿ ಮೊದಲ ದಿನವೇ ಎತ್ತಿದ ತಕರಾರು ಎಂಜಿನ್ನಿನದೇ. ನಾವು ವಿಮೆ ಕೊಟ್ಟದ್ದು ಈ ಕಾರಿಗಲ್ಲ ಅನ್ನುತ್ತಿದೆ. ಆ ಕಡೆ ಹುಡುಗನ ಅಪ್ಪ ವಕೀಲರ ಫೀಸಿಗೆ ಓಡಾಡುತ್ತಿದ್ದಾರೆ. ಈ ಕಡೆ ಯಜಮಾನರ ಮನೆಯವರು ಎರಡು ಹಸುವಿನಲ್ಲಿ ಒಂದನ್ನು ಮಾರಿದ್ದಾರೆ. ಎರಡು ಮನೆಯೂ ಬಡವಾಯಿತು. ಆ ಎಂಜಿನ್ ಮಾತ್ರ ಈಗ ಪೊಲೀಸ್ ಠಾಣೆ ಕಾಂಪೌಂಡಿನಲ್ಲಿ ಮಳೆಗೆ ನೆನೆಯುತ್ತಿದೆ.

ಅವರ ವಾದಗಳು

ಈ ಬರಹ ಓದಿ ಹುಡುಗರು ನನ್ನನ್ನು ಬೈಯುತ್ತಾರೆ ಅಂತ ಗೊತ್ತು. ಆ ಮಾತುಗಳಿಗೆ ಈಗಲೇ ಉತ್ತರ ಕೊಡುತ್ತೇನೆ.

"ಎಂಜಿನ್ ಜೋರಿದ್ರೂ ನಾವು ನಿಧಾನಕ್ಕೇ ಓಡಿಸ್ತೀವಿ." ಹಾಗಾದರೆ ಒಂದೂವರೆ ಲಕ್ಷ ಯಾಕೆ ಸುರಿದಿರಿ? ನಿಧಾನಕ್ಕೆ ಹೋಗಲು ಕಂಪನಿಯ ಎಂಜಿನ್ ಸಾಕಾಗಿತ್ತು. ಟರ್ಬೊ ಹಾಕಿಸಿದ ಮೇಲೆ ಗೆಳೆಯರು ಹಿಂದಿನ ಸೀಟಿನಲ್ಲಿ ಕೂತು ಮೊಬೈಲ್ ಹಿಡಿದಾಗ ಕಾಲು ಸುಮ್ಮನಿರುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ. 70ಕ್ಕಿಂತ ಹೆಚ್ಚು ಸಾವಿಗೆ ಕಾರಣ ಅತಿವೇಗ. ಅವರನ್ನು ಗುದ್ದಿದವರಲ್ಲೂ ಎಷ್ಟೋ ಮಂದಿ 'ನಾನು ನಿಧಾನಕ್ಕೇ ಓಡಿಸೋನು' ಅಂದುಕೊಂಡವರೇ ಇದ್ದಿರಬೇಕು.

"ಹಳೇ ಎಂಜಿನ್ ಕೂತೋಯ್ತು, ಬೇರೆ ಸಿಗಲ್ಲ." ಇದು ಸುಳ್ಳು. ಅದೇ 796 ಸಿಸಿ ಕುಟುಂಬದ ಎಂಜಿನ್ ಓಮ್ನಿಯಲ್ಲಿ 2019ರವರೆಗೆ ಬಂತು, ಆಲ್ಟೊದಲ್ಲಿ 2023ರವರೆಗೆ ಬಂತು. ಬಿಡಿಭಾಗ ತಾಲ್ಲೂಕು ಮಟ್ಟದಲ್ಲೇ ಸಿಗುತ್ತದೆ. ಬೋರ್ ಮಾಡಿಸಿ ಪಿಸ್ಟನ್ ರಿಂಗ್ ಹಾಕಿಸಿದರೆ ಇನ್ನೂ ಹತ್ತು ವರ್ಷ ಓಡುತ್ತದೆ. ಟರ್ಬೊ ಎಂಜಿನ್ನಿನ ಒಂದು ಸೆನ್ಸಾರ್ ಹೋದರೆ ಎಲ್ಲಿಂದ ತರುತ್ತೀರಿ?

"ಫಾರಿನ್‌ನಲ್ಲಿ ಎಲ್ರೂ ಮಾಡ್ತಾರೆ." ಮಾಡುತ್ತಾರೆ, ನಿಜ. ಹೇಗೆ ಮಾಡುತ್ತಾರೆ ಅನ್ನುವುದನ್ನು ರೀಲ್ಸ್ ತೋರಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಎಂಜಿನ್ ಬದಲಿಸಿದರೆ ಸರ್ಕಾರ ಒಪ್ಪಿದ ಎಂಜಿನಿಯರ್ ಬಂದು ನೋಡಿ ಸಹಿ ಹಾಕಬೇಕು. ಬ್ರೇಕ್ ಆ ಎಂಜಿನ್ನಿಗೆ ತಕ್ಕಂತೆ ಇದೆಯೇ ಅಂತ ಅವರು ನೋಡುತ್ತಾರೆ. ಜರ್ಮನಿಯಲ್ಲಿ ಟಿಯುವಿಯಂಥ ಪರೀಕ್ಷಾ ಸಂಸ್ಥೆ ಒಪ್ಪಿದ ಮೇಲೆ ಗಾಡಿಯ ಕಾಗದದಲ್ಲಿ ಬರೆಸಬೇಕು. ಅಲ್ಲಿಯ ಶೋಕಿ ನಮಗೆ ಬೇಕು, ಅಲ್ಲಿಯ ಸಹಿ ಬೇಡ ಅಂದರೆ ಹೇಗೆ?

"ದೊಡ್ಡವರ ಕಾರು ಯಾರೂ ಹಿಡಿಯಲ್ಲ, ನಮ್ಮ ಮಾರುತಿ ಮೇಲೆ ಕಣ್ಣು." ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಯಾಕೆಂದರೆ ಇದು ನಿಜ. ಬೆಂಗಳೂರಿನಲ್ಲಿ ರಾತ್ರಿ ಹೊತ್ತು ಸೈಲೆನ್ಸರ್ ಕಿತ್ತು ಓಡುವ ಕೋಟಿ ರೂಪಾಯಿ ಕಾರಿಗೆ ಬೀಳುವ ದಂಡ ಅವರಿಗೆ ಕಾಫಿ ಖರ್ಚು. ಅದು ಅನ್ಯಾಯವೇ. ಆದರೆ ಆ ಅನ್ಯಾಯಕ್ಕೂ ಯಜಮಾನರ ಕಾಲಿಗೂ ಏನು ಸಂಬಂಧ? ದೊಡ್ಡವರ ಮೇಲಿನ ಸಿಟ್ಟಿಗೆ ನಮ್ಮೂರಿನವರೇ ಯಾಕೆ ಬೆಲೆ ಕೊಡಬೇಕು?

"ಹಳ್ಳಿ ಪ್ರತಿಭೆ ತುಳೀತೀರಾ." ಇಲ್ಲ. ಇದೊಂದಕ್ಕೆ ಉದ್ದ ಉತ್ತರ ಬೇಕು.

ಬೇಡ ಅಂದರೆ ಸಾಲದು

ಐಟಿಐ ಕೂಡ ಮಾಡದ ಹುಡುಗ ಬೇರೆ ದೇಶದ ಎಂಜಿನ್ ತಂದು, ಅದರ ಕಂಪ್ಯೂಟರ್ ವೈರು ಒಂದೊಂದಾಗಿ ಗುರುತಿಸಿ, ಸ್ಟಾರ್ಟ್ ಮಾಡಿ ಓಡಿಸುತ್ತಾನೆ ಅಂದರೆ ಅದು ಸಣ್ಣ ಕೆಲಸ ಅಲ್ಲ. ಬುದ್ಧಿ ಇದೆ, ತಾಳ್ಮೆ ಇದೆ. ಆ ಬುದ್ಧಿಗೆ ನಮ್ಮ ವ್ಯವಸ್ಥೆ ಕೊಟ್ಟಿರುವ ದಾರಿ ಯಾವುದು? ಕದ್ದು ಮಾಡು, ಸಿಕ್ಕಿಬಿದ್ದರೆ ದಂಡ ಕಟ್ಟು. ಅಷ್ಟೇ.

ಕಾನೂನು ಎಲ್ಲ ಬದಲಾವಣೆಗೂ ಬೇಡ ಅನ್ನುವುದಿಲ್ಲ ಅನ್ನುವುದನ್ನು ಗಮನಿಸಿ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಬಹುದು, ಬ್ಯಾಟರಿ ಕಿಟ್ ಹಾಕಿಸಬಹುದು. ಕಿಟ್ಟನ್ನು ಸರ್ಕಾರ ಒಪ್ಪಿದ ಸಂಸ್ಥೆ ಪರೀಕ್ಷೆ ಮಾಡಿರಬೇಕು, ಅನುಮತಿ ಇರುವ ಕಡೆ ಕೂರಿಸಬೇಕು, ಆರ್‌ಸಿಯಲ್ಲಿ ಬರೆಸಬೇಕು. ಅಂದರೆ ಒಂದು ದಾರಿ ಮಾಡುವುದು ಸರ್ಕಾರಕ್ಕೆ ಗೊತ್ತಿದೆ. ಶಕ್ತಿ ಹೆಚ್ಚಿಸುವ ಎಂಜಿನ್ ಬದಲಾವಣೆಗೂ ಅಂಥದೊಂದು ದಾರಿ ಯಾಕಿಲ್ಲ? ಎಂಜಿನ್ ಹೆಚ್ಚಾದರೆ ಬ್ರೇಕ್ ಹೆಚ್ಚಾಗಲೇಬೇಕು, ಬಾಡಿ ಪರೀಕ್ಷೆ ಆಗಲೇಬೇಕು, ಒಬ್ಬ ಎಂಜಿನಿಯರ್ ಹೊಣೆ ಹೊತ್ತು ಸಹಿ ಹಾಕಲೇಬೇಕು ಅಂತ ನಿಯಮ ಮಾಡಲಿ. ಎಲ್ಲರೂ ಪಾಸಾಗುವುದಿಲ್ಲ. ತುಕ್ಕು ಹಿಡಿದ 800 ಪಾಸಾಗುವುದೇ ಇಲ್ಲ, ಆಗಬಾರದು. ಆದರೆ ನಿಜವಾಗಿ ಕೆಲಸ ಬಲ್ಲ ಹುಡುಗನಿಗೆ ಕದ್ದು ಮಾಡುವುದು ತಪ್ಪುತ್ತದೆ. ಬ್ರೇಕ್ ಬೇಡ ಅಂದ ಗಿರಾಕಿಗೆ "ಸಹಿ ಆಗಲ್ಲ ಹೋಗಪ್ಪ" ಅನ್ನುವ ಧೈರ್ಯ ಬರುತ್ತದೆ.

ಆರ್‌ಟಿಒದವರಿಗೂ ಒಂದು ಮಾತು. 15 ವರ್ಷ ಆದ ಮೇಲೆ ರಿಜಿಸ್ಟ್ರೇಷನ್ ನವೀಕರಣಕ್ಕೆ ಬರುವ ಕಾರಿನ ಎಂಜಿನ್ ನಂಬರನ್ನು ಕಣ್ಣಾರೆ ನೋಡುವುದು ನಿಮ್ಮ ಕೆಲಸ. ನಮ್ಮ ತಾಲ್ಲೂಕಿನ ಆ ಕಾರಿಗೆ ಎಂಜಿನ್ ಬದಲಾದ ಮೇಲೇ ನವೀಕರಣ ಆಗಿತ್ತು. ಬಾನೆಟ್ ಎತ್ತಿದ್ದರೆ ಕುರುಡನಿಗೂ ಕಾಣುತ್ತಿತ್ತು. ಬಾನೆಟ್ ಎತ್ತದೆ ಪೇಪರ್ ಎತ್ತಿದರೆ ಕೆರೆ ಏರಿ ಮೇಲೆ ಬೇರೆ ಯಾರನ್ನೋ ಎತ್ತಬೇಕಾಗುತ್ತದೆ.

ವೇಗದ ಹುಚ್ಚು ಬಿಡದವರಿಗೂ ಜಾಗ ಇದೆ. ಕೊಯಮತ್ತೂರಿನ ಕರಿ ಟ್ರ್ಯಾಕ್, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇವೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಯಲ್ಲೇ ರ‍್ಯಾಲಿ ನಡೆಯುತ್ತದೆ. ಅಲ್ಲಿ ರಸ್ತೆ ಮುಚ್ಚುತ್ತಾರೆ. ಕಾರಿನೊಳಗೆ ಕಬ್ಬಿಣದ ಪಂಜರ ಇರಬೇಕು, ಹೆಲ್ಮೆಟ್ ಇರಬೇಕು, ಓಡುವ ಮೊದಲು ಕಾರನ್ನು ತಪಾಸಣೆ ಮಾಡುತ್ತಾರೆ. ದೇಶದ ಒಳ್ಳೊಳ್ಳೆ ಡ್ರೈವರುಗಳಿಗೇ ಇಷ್ಟೆಲ್ಲ ಬೇಕು ಅಂದಮೇಲೆ, ಡೇರಿ ಮುಂದೆ ಸ್ಕೂಲ್ ಮಕ್ಕಳು ನಿಂತಿರುವ ರಸ್ತೆಯಲ್ಲಿ ನಮಗೆ ಏನೂ ಬೇಡವೇ?

ನಾವು ಮಾಡಬಹುದಾದದ್ದು

ಅಪ್ಪ ಅಮ್ಮಂದಿರೇ, ಮಗ ಹಳೇ ಕಾರಿಗೆ ಒಂದು ಲಕ್ಷ ಕೇಳಿದರೆ ಯಾತಕ್ಕೆ ಅಂತ ಕೇಳಿ. 'ಎಂಜಿನ್ ಕೆಲಸ' ಅಂದರೆ ಗ್ಯಾರೇಜಿಗೆ ನೀವೂ ಹೋಗಿ. ಗೊತ್ತಾಗಲ್ಲ ಅನ್ನಬೇಡಿ. ಆರ್‌ಸಿ ಕಾರ್ಡಿನಲ್ಲಿರುವ ಎಂಜಿನ್ ನಂಬರ್ ಓದಲು ಮೆಕ್ಯಾನಿಕ್ ಆಗಬೇಕಾಗಿಲ್ಲ.

ಹಳೆಯ 800 ಕೊಳ್ಳುವವರೇ, ದುಡ್ಡು ಕೊಡುವ ಮೊದಲು ಬಾನೆಟ್ ಎತ್ತಿಸಿ ನಂಬರ್ ತಾಳೆ ನೋಡಿ. ಬೇರೆಯವರು ಮಾಡಿಸಿದ ತಪ್ಪಿಗೆ ನಾಳೆ ಆರ್‌ಸಿಯಲ್ಲಿ ಹೆಸರಿರುವ ನೀವು ಕೋರ್ಟಿಗೆ ಹೋಗುತ್ತೀರಿ.

ಮೆಕ್ಯಾನಿಕ್ ತಮ್ಮಂದಿರೇ, ಗಿರಾಕಿ ದೇವರು ಅನ್ನುವುದು ಸರಿ. ಬ್ರೇಕ್ ಬೇಡ ಅನ್ನುವ ದೇವರನ್ನು ಪೂಜೆ ಮಾಡಬೇಡಿ.

ನನ್ನಂಥ ಸ್ಟ್ರಿಂಗರುಗಳೇ, ವಿಡಿಯೊ ಮಾಡುವ ಗೆಳೆಯರೇ, ಇಂಥ ಕಾರು ಕಂಡರೆ ಕ್ಯಾಮೆರಾ ಆನ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ. ನಾನು ಕೇಳದೆ ಬಿಟ್ಟ ಪ್ರಶ್ನೆ. ಆ ಹಳೆಯ ವಿಡಿಯೊವನ್ನು ನಾನು ಅಳಿಸಿದ್ದೇನೆ. ಅಳಿಸುವ ಹೊತ್ತಿಗೆ ಅದನ್ನು ಎಷ್ಟು ಹುಡುಗರು ನೋಡಿ, ಎಷ್ಟು ಜನ ಗುಜರಿಗೆ ಫೋನ್ ಮಾಡಿದ್ದರೋ ಲೆಕ್ಕ ಇಲ್ಲ. ಅದೊಂದು ಭಾರ ಇದ್ದೇ ಇದೆ.

ಹೋದ ವಾರ ಯಜಮಾನರ ಮನೆಗೆ ಹೋಗಿದ್ದೆ. ಜಗುಲಿ ಮೇಲೆ ಕೂತಿದ್ದರು. ಈಗ ಡೇರಿಗೆ ಹಾಲು ಹಾಕಲು ಸೊಸೆ ಹೋಗುತ್ತಾರೆ, ಅದೇ ಏರಿ ಮೇಲೆ. ಬರೆಯುತ್ತಿದ್ದೇನೆ ಅಂದೆ. "ಬರಿ. ಹುಡುಗನ ಹೆಸರು ಹಾಕ್ಬೇಡ, ಇನ್ನೂ ಮದುವೆ ಆಗ್ಬೇಕು ಅವನಿಗೆ" ಅಂದರು.

ಹೆಸರು ಹಾಕಿಲ್ಲ. ಆದರೆ ಊರೂರಲ್ಲಿ ಹೊಂಗೆ ಮರದ ಕೆಳಗೆ ಇಂಥ ಕಾರುಗಳು ನಿಂತಿವೆ. ನಿಮ್ಮೂರಲ್ಲೂ ಒಂದು ಇದ್ದರೆ, ಅದರ ಹುಡುಗನಿಗೆ ಇದನ್ನು ಓದಿಸಿ.